ಕಾಪುವಿನ ಮನೆಯಲ್ಲಿ ಬೆಳ್ಳಗಾದ ನೀರು

2023ರ ಮೇ ತಿಂಗಳಲ್ಲಿ ನಾನು ಮಣಿಪಾಲದ ಒಂದು ಖಾಸಗಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಅನಲಿಸ್ಟ್ ಆಗಿದ್ದೆ. ಬಾವಿ, ಬೋರ್‌ವೆಲ್, ಈಜುಕೊಳಗಳ ನೀರಿನ ಬಾಟಲಿಗಳು ದಿನವಿಡೀ ನನ್ನ ಮೇಜಿಗೆ ಬರುತ್ತಿದ್ದವು. ಇದರ ಹೊರತಾಗಿ, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ರಜಾದಿನಗಳಲ್ಲಿ ಮೂರು ಮನೆಗಳ ರೀಫ್ ಅಕ್ವೇರಿಯಂಗಳನ್ನು ನೋಡಿಕೊಳ್ಳುತ್ತಿದ್ದೆ. ಅವುಗಳಲ್ಲಿ ದೊಡ್ಡದು ಕಾಪುವಿನ ಜೆರಾಲ್ಡ್ ಅಂಕಲ್ ಅವರದು.

ರೀಫ್ ಅಕ್ವೇರಿಯಂ ಎಂದರೆ ಜೀವಂತ ಹವಳವೂ ಮೀನೂ ಇರುವ ಉಪ್ಪುನೀರಿನ ತೊಟ್ಟಿ. ಮೀನಿಗೆ ಆಹಾರ ಹಾಕುವುದು ಅದರಲ್ಲಿ ಸಣ್ಣ ಕೆಲಸ. ದೊಡ್ಡ ಕೆಲಸ ನೀರಿನದು. ಹವಳವು ತನ್ನ ಗೂಡು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರಿಕೊಳ್ಳುತ್ತಲೇ ಇರುತ್ತದೆ. ಹೀರಿದಷ್ಟನ್ನು ನಾವು ತುಂಬಿಸಬೇಕು, ಹೆಚ್ಚೂ ಆಗಬಾರದು. ಅದಕ್ಕೆ ನಾನು ಬಳಸುತ್ತಿದ್ದದ್ದು ಸುಣ್ಣದ ತಿಳಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ನೀರಿಗೆ ಬೆರೆಸಿ, ಕೆಳಗೆ ನಿಂತ ಗಸಿಯನ್ನು ಬಿಟ್ಟು, ಮೇಲಿನ ತಿಳಿಯನ್ನು ಒಂದು ಕ್ಯಾನಿನಲ್ಲಿ ತುಂಬಿಸಿಡುತ್ತಿದ್ದೆ. ಸಣ್ಣ ಪಂಪು ಅದನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುತ್ತಿತ್ತು. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8.1ರಿಂದ 8.4ರ ನಡುವೆ ಇದ್ದರೆ ಎಲ್ಲವೂ ಕ್ಷೇಮ. ಸುಣ್ಣ ಅತಿಯಾದರೆ ಪಿಎಚ್ ಏರುತ್ತದೆ. ಒಂಬತ್ತು ದಾಟಿದರೆ ಮೀನಿನ ಕಿವಿರು ಸುಡುತ್ತದೆ.

ಜೆರಾಲ್ಡ್ ಅಂಕಲ್ ಬಹರೈನಿನಲ್ಲಿ ಕಡಲನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಿಗೆ ಮರಳಿದ ವರ್ಷವೇ ತೊಟ್ಟಿ ಕಟ್ಟಿಸಿದ್ದರು. ವಿದೇಶದ ಫಾರಂಗಳಲ್ಲಿ ಬೆಳೆಸಿದ ಹವಳಗಳನ್ನು, ಜಿಂಕೆಯ ಕೊಂಬಿನಂಥ ಒಂದನ್ನೂ ಸೇರಿಸಿ, ಕಾಗದಪತ್ರ ಸಮೇತ ತರಿಸಿದ್ದರು. ತೊಟ್ಟಿಯಲ್ಲಿದ್ದ ಕಿತ್ತಳೆ ಬಣ್ಣದ ಜೋಡಿ ಕ್ಲೌನ್ ಮೀನುಗಳಿಗೆ ಹನ್ನೊಂದು ವರ್ಷ. ಆ ಮೇ ತಿಂಗಳಲ್ಲಿ ಅಂಕಲ್ ಹೃದಯದ ಶಸ್ತ್ರಚಿಕಿತ್ಸೆಗೆಂದು ಮಣಿಪಾಲದ ಆಸ್ಪತ್ರೆ ಸೇರಿದರು. ಅವರ ಪತ್ನಿ ಆಸ್ಪತ್ರೆಯಲ್ಲೇ ಉಳಿದರು. ಮನೆಯಲ್ಲಿ ಉಳಿದವರು ಅಂಕಲ್ ಅವರ ಅಕ್ಕ ಫ್ಲೋರಿನ್ ಆಂಟಿ. ಹೊರಡುವಾಗ ಅಂಕಲ್ ಮೀನುಗಳನ್ನು ತೋರಿಸಿ ಅಕ್ಕನಿಗೆ ಹೇಳಿದ್ದು ಒಂದೇ ಮಾತು: “ನನ್ನನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಇವರನ್ನು ನೀನು ನೋಡು.” ಪ್ರತಿ ಸಂಜೆ ವಿಡಿಯೋ ಕರೆ ಮಾಡಿ ತೊಟ್ಟಿಯನ್ನು ನೋಡದೆ ಅವರು ಮಲಗುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಭಾನುವಾರ. ನಾನು ಕಾರ್ಕಳದ ನಮ್ಮ ಮನೆಯಲ್ಲಿದ್ದೆ. ಬೆಳಗಿನ ತಿಂಡಿ ಮುಗಿಸಿ ಏಳುವಾಗ ಆಂಟಿಯ ಕರೆ ಬಂತು.

“ಮಗಳೇ, ನೀರು ಬೆಳ್ಳಗೆ ಆಗಿದೆ. ಹಾಲಿನ ಹಾಗೆ. ಮೀನು ಕಾಣುವುದೇ ಇಲ್ಲ.”

“ಕರೆಂಟ್ ಉಂಟಾ ಆಂಟಿ?”

“ಎಲ್ಲ ಉಂಟು. ನೀನು ಬೇಗ ಬಾ. ಜೆರಿಗೆ ಮಾತ್ರ ಹೇಳಬೇಡ.”

ಸುಣ್ಣದ ಕ್ಯಾನಿನ ಪಂಪಿನ ಪ್ಲಗ್ ತೆಗೆಯಲು ಹೇಳಿ ಸ್ಕೂಟರ್ ಹತ್ತಿದೆ. ಬೆಳ್ಮಣ್, ಶಿರ್ವ ದಾಟಿ ಹೋಗುವ ಆ ರಸ್ತೆ ನನಗೆ ಚೆನ್ನಾಗಿ ಗೊತ್ತು. ಅಂದು ಏನನ್ನೂ ನೋಡಿದ ನೆನಪಿಲ್ಲ. ಹಿಂದಿನ ವಾರವಷ್ಟೇ ಆ ಪಂಪನ್ನು ಬದಲಿಸಿ ಹೊಸದನ್ನು ಕೂರಿಸಿದ್ದೆ. ಅದು ನಿಲ್ಲದೆ ಓಡಿ ಇಡೀ ಕ್ಯಾನನ್ನು ತೊಟ್ಟಿಗೆ ಸುರಿದಿದ್ದರೆ? ನಾಳೆ ಎದೆ ತೆರೆಸಿಕೊಳ್ಳಲಿರುವ ಮನುಷ್ಯ ಇಂದು ಸಂಜೆ ಸತ್ತ ಮೀನುಗಳನ್ನು ನೋಡುತ್ತಾರೆ.

ಅಂಗಳದಲ್ಲಿ ಬಾವಿ ಸ್ವಚ್ಛ ಮಾಡುವ ಕೆಲಸ ನಡೆದಿತ್ತು. ಮಳೆಗಾಲಕ್ಕೆ ಮುಂಚೆ ಕೆಸರು ತೆಗೆಯಲು ಪ್ರತಿ ವರ್ಷ ಬರುವ ಸುಂದರ ಎಂಬವರು ಹಗ್ಗ ಎಳೆಯುತ್ತಿದ್ದರು. ಒಳಗೆ ಹಾಲ್‌ನಲ್ಲಿ, ಮುನ್ನೂರು ಲೀಟರಿನ ತೊಟ್ಟಿ ಬಿಳಿ ಗೋಡೆಯಂತೆ ನಿಂತಿತ್ತು. ಗಾಜಿಗೆ ಮುಖ ಒತ್ತಿದಾಗ ಮಾತ್ರ ಮೂಲೆಯಲ್ಲಿ ಕಿತ್ತಳೆ ಬಣ್ಣದ ಎರಡು ಮಸುಕು ಗುರುತುಗಳು ಕಂಡವು. ಎರಡೂ ಬಾಯಿ ತೆರೆದು ವೇಗವಾಗಿ ಉಸಿರಾಡುತ್ತಿದ್ದವು.

ಪಿಎಚ್ ಮೀಟರ್ ಅದ್ದಿದೆ. 9.2. ನಂಬಲಿಲ್ಲ. ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಮೀಟರನ್ನು ಸರಿಪಡಿಸಿ ಮತ್ತೆ ಅದ್ದಿದೆ. 9.2. ಸುಣ್ಣವೇ, ಸಂಶಯವಿಲ್ಲ. ಆದರೆ ಕ್ಯಾನನ್ನು ಎತ್ತಿ ನೋಡಿದರೆ ಅದು ಮುಕ್ಕಾಲು ಪಾಲು ತುಂಬಿತ್ತು. ಪಂಪು ತಪ್ಪು ಮಾಡಿರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಹೆದರಿಕೆ ಹೆಚ್ಚಾಯಿತು. ಹಾಗಾದರೆ ಸುಣ್ಣ ಬಂದದ್ದು ಎಲ್ಲಿಂದ?

“ತೊಟ್ಟಿಗೆ ಏನಾದರೂ ಹಾಕಿದ್ದೀರಾ ಆಂಟಿ?”

“ಎಂತ ಇಲ್ಲ.”

“ಬೇರೆ ಯಾರಾದರೂ?”

“ಯಾರು ಹಾಕುತ್ತಾರೆ? ಎಂತ ಇಲ್ಲ ಅಂದೆನಲ್ಲ.”

ಕೇಳುತ್ತಾ ನಿಲ್ಲಲು ಸಮಯವಿರಲಿಲ್ಲ. ಏರಿದ ಪಿಎಚ್ ಇಳಿಸಲು ಇಂಗಾಲದ ಡೈಆಕ್ಸೈಡ್ ಬೇಕು. ಅದು ನೀರಿನಲ್ಲಿ ಕರಗಿದರೆ ಸೌಮ್ಯ ಆಮ್ಲವಾಗಿ ಸುಣ್ಣವನ್ನು ತಗ್ಗಿಸುತ್ತದೆ. ಅದು ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಸಾದಾ ಸೋಡಾ ಬಾಟಲಿಯಲ್ಲಿ. ಪೇಟೆಯ ಅಂಗಡಿಗೆ ಹೋಗಿ ಇದ್ದ ಬಾಟಲಿಗಳನ್ನೆಲ್ಲ ಕೇಳಿದೆ. ಅಂಗಡಿಯವರು ಕಟ್ಟುತ್ತಾ ನಕ್ಕರು: “ಸೋಡಾ ಮಾತ್ರ ಸಾಕಾ ಮೇಡಂ? ಜೊತೆಗೆ ಬೆರೆಸುವ ಸಾಮಾನು ಬೇರೆ ಅಂಗಡಿಯಿಂದಲಾ?” ನಾನು ನಗದೆ ದುಡ್ಡು ಕೊಟ್ಟು ಸ್ಕೂಟರ್ ಹತ್ತಿದೆ.

ಸೋಡಾವನ್ನು ಒಮ್ಮೆಗೇ ಸುರಿಯುವಂತಿಲ್ಲ. ಪಿಎಚ್ ಏರಿದ್ದು ಮೀನನ್ನು ಕೊಲ್ಲದಿದ್ದರೂ ಥಟ್ಟನೆ ಇಳಿದದ್ದು ಕೊಲ್ಲಬಹುದು. ಗಾಜಿನ ಲೋಟದಲ್ಲಿ ಸ್ವಲ್ಪ ಸ್ವಲ್ಪವಾಗಿ, ನೀರು ರಭಸವಾಗಿ ಹರಿಯುವ ಕಡೆ ಸುರಿಯುತ್ತಾ ಹೋದೆ. 9.1. 9.0. 8.9. ಆಂಟಿ ನನ್ನ ಹಿಂದೆ ಜಪಸರ ಹಿಡಿದು ನಿಂತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು.

ಕೈ ಒರೆಸಿಕೊಂಡು ಮೀಟರ್ ನೋಡಿದೆ. 9.0.

ಮತ್ತೆ ಸುರಿದೆ. 8.9ಕ್ಕೆ ಬಂತು. ಸ್ವಲ್ಪ ಹೊತ್ತು ಕಾದೆ. 9.1.

ನನ್ನ ವೃತ್ತಿಯಲ್ಲಿ ನಾನು ನಿಜವಾಗಿ ಹೆದರಿದ್ದು ಆ ಅಂಕಿಯನ್ನು ನೋಡಿದಾಗ. ಒಮ್ಮೆ ಬಿದ್ದು ಮುಗಿದ ಸುಣ್ಣ ಹೀಗೆ ವರ್ತಿಸುವುದಿಲ್ಲ. ನೀರಿನೊಳಗೆ ಎಲ್ಲೋ ಅದು ಇನ್ನೂ ಕರಗುತ್ತಿದೆ. ನಾನು ಸುರಿದದ್ದನ್ನೆಲ್ಲ ನುಂಗಿ ಮತ್ತೆ ಏರುತ್ತಿದೆ. ತೊಟ್ಟಿಯೊಳಗೆ ಕೈ ಹಾಕಿ ಮರಳು, ಕಲ್ಲುಗಳ ಸಂದು ತಡಕಿದೆ. ಬಿಳಿ ನೀರಿನಲ್ಲಿ ನನ್ನ ಬೆರಳುಗಳೇ ನನಗೆ ಕಾಣುತ್ತಿರಲಿಲ್ಲ. ಹೆಣ್ಣು ಕ್ಲೌನ್ ಮೀನು ಪಕ್ಕಕ್ಕೆ ವಾಲತೊಡಗಿತ್ತು. ಬಾಟಲಿಗಳು ಮುಗಿಯುತ್ತಾ ಬಂದಿದ್ದವು.

ಆಗ ಅಂಗಳದಿಂದ ಸುಂದರ ಆಂಟಿಯನ್ನು ಕೂಗಿ ಕೇಳಿದರು: “ಬಾಯಮ್ಮಾ, ಬಾವಿಗೆ ಬಿಡುವ ಸುಣ್ಣ ಎರಡು ಕಟ್ಟು ಕಟ್ಟಿಟ್ಟಿದ್ದೆನಲ್ಲ? ಇಲ್ಲಿ ಒಂದೇ ಉಂಟು!”

ನಮ್ಮ ಕಡೆ ಬಾವಿಯ ಕೆಸರು ತೆಗೆದ ಮೇಲೆ, ಮರುವಾಯಿ ಎಂಬ ಕಪ್ಪೆಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಡುವ ರೂಢಿ ಉಂಟು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದ ಹುಳಿ ನೀರು ಅದರಿಂದ ಸರಿಯಾಗುತ್ತದೆ, ತಿಳಿಯಾಗುತ್ತದೆ. ನಾನು ಆಂಟಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಆಂಟಿ, ನನಗೆ ತುಂಬ ಹೆದರಿಕೆ ಆಗ್ತಾ ಉಂಟು,” ಎಂದೆ. ಯೋಚಿಸಿ ಆಡಿದ ಮಾತಲ್ಲ, ಬಾಯಿಂದ ಬಿದ್ದದ್ದು.

ಅವರು ಜಪಸರವನ್ನು ಕುತ್ತಿಗೆಗೆ ಹಾಕಿಕೊಂಡು, ಮಂಡಿಯೂರಿ, ತೊಟ್ಟಿಯ ಕೆಳಗಿನ ಕಪಾಟು ತೆರೆದರು. ಅಲ್ಲಿ ನೀರು ಸೋಸುವ ಇನ್ನೊಂದು ಸಣ್ಣ ತೊಟ್ಟಿ ಇದೆ. ಅದರ ಹಿಂಬದಿಗೆ, ನಾನು ನೋಡದಿದ್ದ ಮೂಲೆಗೆ, ತೋಳಿನವರೆಗೆ ಕೈ ತೂರಿಸಿ ಒಂದು ಬಟ್ಟೆಯ ಗಂಟನ್ನು ಹೊರಗೆಳೆದರು. ಅದರಿಂದ ದಪ್ಪ ಬಿಳಿ ನೀರು ಸೋರುತ್ತಿತ್ತು.

“ನಿನ್ನೆಯಿಂದ ನೀರು ಸ್ವಲ್ಪ ಹಳದಿ ಕಂಡಿತು. ನೀನೂ ಸುಣ್ಣವೇ ಹಾಕುವುದಲ್ವಾ? ಅವನು ಸಂಜೆ ನೋಡುವಾಗ ಚೊಕ್ಕ ಇರಲಿ ಅಂತ...” ಗಂಟನ್ನು ಸೆರಗಿನಲ್ಲಿ ಹಿಡಿದು ಅವರು ಅಳತೊಡಗಿದರು. “ಬೆಳ್ಳಗಾದ ಮೇಲೆ, ತೆಗೆದರೆ ಇನ್ನೂ ಕದಡುತ್ತದೋ ಅಂತ ಮುಟ್ಟಲಿಲ್ಲ. ನೀನು ಬಂದ ಕೂಡಲೇ ಹೇಳುವ ಅಂತ ಇದ್ದೆ. ನೀನು ಪೊಲೀಸರ ಹಾಗೆ ಕೇಳಿದಿ. ನಿನ್ನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ ಮಾರಾಯ್ತಿ. ನಾನು ಹೇಗೆ ಹೇಳುವುದು?”

ಅವರ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಅವರ ಗಂಟಿನಲ್ಲಿದ್ದದ್ದೂ ನನ್ನ ಕ್ಯಾನಿನಲ್ಲಿದ್ದದ್ದೂ ಒಂದೇ ವಸ್ತು. ಅಳತೆ ಮಾತ್ರ ಬಾವಿಯದು.

ಗಂಟು ಹೊರಬಂದ ಮೇಲೆ ಅಂಕಿಗಳು ಮಾತು ಕೇಳಿದವು. ಕೆಳಗಿನ ತೊಟ್ಟಿಯ ಗಸಿಯನ್ನು ಪೈಪಿನಿಂದ ಎಳೆದು ಹೊರಹಾಕಿದೆ. ಮೊದಲೇ ಬೆರೆಸಿಟ್ಟಿದ್ದ ಉಪ್ಪುನೀರನ್ನು ಸ್ವಲ್ಪಸ್ವಲ್ಪವೇ ತುಂಬಿದೆ. ಉಳಿದ ಸೋಡಾ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ 8.7, ಸಂಜೆಗೆ 8.5. ಆಂಟಿ ಊಟಕ್ಕೆ ಕರೆದರು, ಇಬ್ಬರೂ ತಟ್ಟೆ ಹಿಡಿದು ಗಾಜಿನ ಮುಂದೆಯೇ ಕುಳಿತೆವು. ವಾಲಿದ್ದ ಮೀನು ನೆಟ್ಟಗಾದದ್ದನ್ನು ಮೊದಲು ಕಂಡವರು ಅವರೇ.

ಎಂದಿನ ಹೊತ್ತಿಗೆ ಫೋನು ಬಡಿಯಿತು. ಆಂಟಿ ಅದನ್ನು ಎದೆಗೆ ಒತ್ತಿಕೊಂಡು ನನ್ನತ್ತ ನೋಡಿದರು. ಅವರು ಕರೆ ಸ್ವೀಕರಿಸಿದರು.

“ಫ್ಲೋರಿ ಬಾಯ್, ಕ್ಯಾಮೆರಾ ಸರಿ ಹಿಡಿ,” ಎಂದಿತು ಅಕ್ಕನನ್ನು ಕರೆದ ಅಂಕಲ್ ಅವರ ಧ್ವನಿ. “ನಿನ್ನ ಮೂಗನ್ನು ಅರುವತ್ತು ವರ್ಷದಿಂದ ನೋಡಿದ್ದೇನೆ. ಮೀನು ತೋರಿಸು.”

ಆಂಟಿ ಫೋನನ್ನು ಗಾಜಿಗೆ ಹಿಡಿದರು. ನೀರು ಇನ್ನೂ ತೆಳು ಮಜ್ಜಿಗೆಯ ಬಣ್ಣದಲ್ಲಿತ್ತು.

“ಜೆರಿ, ನೀರು ಹಳದಿ ಕಂಡಿತು ಅಂತ ನಾನು ಸುಣ್ಣ ಹಾಕಿದೆ. ಬಾವಿಯ ಕಟ್ಟು.”

ಆ ಕಡೆಯಿಂದ ಆಸ್ಪತ್ರೆಯ ಯಾವುದೋ ಯಂತ್ರದ ಬೀಪ್ ಮಾತ್ರ ಕೇಳುತ್ತಿತ್ತು. ಅದು ವೇಗವಾಗುತ್ತದೆಯೋ ಎಂದು ನಾನು ಕಿವಿಗೊಟ್ಟೆ.

“ಹುಡುಗಿ ಅಲ್ಲೇ ಇದ್ದಾಳಾ? ಪಿಎಚ್ ಎಷ್ಟು?”

“8.5, ಅಂಕಲ್. ಇಳಿಯುತ್ತಾ ಉಂಟು. ಎರಡೂ ಮೀನು ಬದುಕಿವೆ. ಕೊಂಬಿನ ಹವಳ ಉಳಿಯುವ ಹಾಗೆ ಕಾಣುವುದಿಲ್ಲ.”

“ಅವಸರ ಮಾಡಬೇಡ. ರಾತ್ರಿ ತಾನಾಗಿ ಇಳಿಯುತ್ತದೆ.” ಮತ್ತೆ ಅಕ್ಕನಿಗೆ ಹೇಳಿದರು: “ನಾಳೆ ನನ್ನನ್ನು ನೋಡಲಿಕ್ಕೆ ಬರುವಾಗ ಕೈ ಖಾಲಿ ತೋರಿಸಿ ಒಳಗೆ ಬಾ, ಆಯ್ತಾ? ನಾನು ಹಳದಿ ಕಂಡರೆ ಡಾಕ್ಟರಿಗೆ ಹೇಳು.”

ಆಂಟಿ ಅಳುತ್ತಲೇ ನಕ್ಕರು.

ಕೊಂಬಿನ ಹವಳ ಸತ್ತಿತು. ಶಸ್ತ್ರಚಿಕಿತ್ಸೆ ಸರಿಯಾಗಿ ನಡೆಯಿತು. ಅಂಕಲ್ ಮನೆಗೆ ಬಂದಾಗ ಜೋಡಿ ಮೀನುಗಳು ಗಾಜಿನ ಬಳಿಯೇ ಇದ್ದವು.

ಆಮೇಲೆ ಇಂಥ ಹಲವು ಕರೆಗಳು ನನಗೆ ಬಂದಿವೆ. ನೀರು ತಾನಾಗಿ ಕೆಡುವುದು ಅಪರೂಪ. ಹೆಚ್ಚಾಗಿ ಯಾರೋ ಒಬ್ಬರು ಒಳ್ಳೆಯದಾಗಲೆಂದು ಏನೋ ಹಾಕಿರುತ್ತಾರೆ. ಅದೇನೆಂದು ತಿಳಿಯದೆ ನನ್ನ ಯಾವ ಉಪಕರಣವೂ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಸ್ವಭಾವತಃ ನಾನು ಮನಸ್ಸಿನಲ್ಲಿದ್ದುದನ್ನು ಮುಖದಲ್ಲಿ ತೋರಿಸುವವಳಲ್ಲ, ಅದೇ ವೃತ್ತಿಯ ಗುಣವೆಂದು ಅಂದುಕೊಂಡಿದ್ದೆ. ಈಗ ಹಾಗೆ ಕರೆ ಬಂದ ಮನೆಯ ಹೊಸ್ತಿಲು ದಾಟಿದ ಕೂಡಲೇ, ಚೀಲದಿಂದ ಮೀಟರ್ ತೆಗೆಯುವ ಮುಂಚೆ, ದಾರಿಯುದ್ದಕ್ಕೂ ನನಗೂ ಹೆದರಿಕೆಯಾಗಿತ್ತು ಎಂದು ಹೇಳುತ್ತೇನೆ. ಆಮೇಲೆ, ಏನು ಹಾಕಿದರೆಂದು ಅವರು ತಾವಾಗಿ ಹೇಳಲೆಂದು ಕಾಯುತ್ತೇನೆ.