ಅಪ್ಪನ ತೋಳಿನ ಇಲಿ

ಇಂಗ್ಲಿಷ್ ಪದವೊಂದರ ಹುಟ್ಟು ಹೇಳುವ ಮುಂಚೆ ಸರ್ವಮಂಗಳ ಜಡೆಯನ್ನು ಬೆನ್ನಿಗೆ ಎಸೆದುಕೊಳ್ಳುತ್ತಿದ್ದಳು. ಜಡೆ ಹಿಂದಕ್ಕೆ ಹೋಯಿತೆಂದರೆ ಸಾಕು, ನಮ್ಮಪ್ಪ ಓದುತ್ತಿದ್ದ ಪೇಪರ್ ಮಡಚಿ ತೊಡೆಯ ಮೇಲಿಡುತ್ತಿದ್ದರು. ನಾನು ಕರೆದರೆ ಪೇಪರಿನ ಹಿಂದಿನಿಂದ ಬರೀ 'ಹೂಂ' ಬರುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನು?

ಎಪ್ಪತ್ತರ ದಶಕದ ರಾಜಾಜಿನಗರ. ಅಪ್ಪ ಕಾರ್ಖಾನೆಯಲ್ಲಿ ಫೋರ್‌ಮನ್. ಭಾನುವಾರ ಜಗಲಿಯಲ್ಲಿ ಕೂತು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುವುದೇ ಅವರಿಗೆ ಹಬ್ಬ. ಸರ್ವಮಂಗಳ ಧಾರವಾಡದವಳು, ನನ್ನ ವಯಸ್ಸಿನವಳೇ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಅಣ್ಣ ಅತ್ತಿಗೆಯ ಜೊತೆಗಿದ್ದಳು. ಒಂದು ಸಲ ಅಪ್ಪ 'ಮಸ್ಕಲ್' ಎಂದು ಓದಿದರು. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದವಳು ತಡೆಯಲಾರದೆ ಬಂದೇಬಿಟ್ಟಳು.

"ಕಾಕಾ, ಅದು ಮಸಲ್ ರೀ. ನಡುವಿನ ಸಿ ಬಾಯಿಗೆ ಬರಂಗಿಲ್ಲ. ಲ್ಯಾಟಿನ್‌ದಾಗ ಅದಕ್ಕ ಸಣ್ಣ ಇಲಿ ಅಂತ ಅರ್ಥ. ತೋಳು ಮಡಚಿ ನೋಡ್ರಿ, ಚರ್ಮದ ಕೆಳಗ ಇಲಿ ಓಡಿದಂಗ ಕಾಣ್ತದ."

ಅಪ್ಪ ತೋಳು ಮಡಚಿ, ಬಿಡಿಸಿ, ಮತ್ತೆ ಮಡಚಿ ನಕ್ಕರು. "ನೋಡೇ ಸುಮಿ, ಎಷ್ಟು ತಿಳ್ಕೊಂಡಿದಾಳೆ! ನೀನೂ ಇದೀಯ." ಆ ತೋಳಿಗೆ ಜೋತುಬಿದ್ದು ಬೆಳೆದವಳು ನಾನು. ಅದರೊಳಗಿನ ಇಲಿ ಮಾತ್ರ ಅವಳ ಪಾಲಾಯಿತು.

ಅಲ್ಲಿಂದ ಪ್ರತಿ ಭಾನುವಾರವೂ ಅವಳದೇ ದರ್ಬಾರು. ಕರ್ನಲ್ ಎನ್ನುವಾಗ ಸ್ಪೆಲ್ಲಿಂಗಿನಲ್ಲಿಲ್ಲದ 'ರ' ಎಲ್ಲಿಂದ ಬಂತು, ಕ್ವಾರಂಟೈನ್ ಎಂಬ ಪದದೊಳಗೆ ಹಡಗಿನವರು ಕಾದ ನಲವತ್ತು ದಿನ ಹೇಗೆ ಸೇರಿತು, ಎಲ್ಲ ಅವಳಿಗೆ ಗೊತ್ತು. ಒಮ್ಮೆಯಾದರೂ ತಪ್ಪಲಿ ಎಂದು ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ತಪ್ಪುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ಅವಳ ಕೊಡವನ್ನು ಸರಿಸಿ ನನ್ನ ಬಿಂದಿಗೆ ಇಟ್ಟೆ. ಅವಳು ಜಗಳ ಆಡಲಿಲ್ಲ, ಜಡೆ ಎಸೆದುಕೊಂಡಳು.

"ರೈವಲ್ ಅಂದ್ರ ಮೊದಲಿಗೆ ವೈರಿ ಅಂತ ಇರಲಿಲ್ಲ ಸುಮಿ. ಒಂದ ಹಳ್ಳದ ನೀರು ಬಳಸೋರು ಅಂತ."

"ಇದನ್ನೂ ನಮ್ಮಪ್ಪಂಗೇ ಹೇಳ್ಕೋ ಹೋಗೇ."

ಅವಳು ನೀರನ್ನೇ ನೋಡುತ್ತಾ ಅಂದಳು: "ನಮ್ಮಪ್ಪ ಇಂಗ್ಲಿಷ್ ಮಾಸ್ತರ್ ಇದ್ರು. ಇದೆಲ್ಲಾ ಅವರ ಕಲಿಸಿದ್ದು. ಅವರು ತೀರಿಕೊಂಡ ಮ್ಯಾಲೆ ನಾ ಹೇಳಿದ್ದನ್ನ ಕೇಳೋರು ಯಾರೂ ಇರಲಿಲ್ಲ ನೋಡು."

ಆದರೂ ಬಿಂದಿಗೆಯನ್ನಂತೂ ನಾನು ತೆಗೆಯಲಿಲ್ಲ.

ವರ್ಷದೊಳಗೆ ಅವಳ ಅಣ್ಣನಿಗೆ ವರ್ಗವಾಯಿತು. ಹೊರಡುವ ದಿನ ಅವಳು ಅಪ್ಪನ ಕಾಲಿಗೆ ನಮಸ್ಕರಿಸಿದಳು. ಅಪ್ಪ ಒಳಗೆ ಹೋಗಿ ನಮ್ಮ ಮನೆಗಿದ್ದ ಒಂದೇ ಡಿಕ್ಷನರಿಯನ್ನು ತಂದು ಅವಳ ಕೈಗಿಟ್ಟರು. "ಇಟ್ಕೋ ತಾಯಿ, ಇಲ್ಲಿ ಯಾರು ತೆರೀತಾರೆ?" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮಾರನೇ ವಾರವೇ ಲೈಬ್ರರಿಗೆ ಹೋಗಿ ಕೂತೆ. ಅವಳು ಹೇಳದ ಪದವೇ ಬೇಕಿತ್ತು ನನಗೆ. ಹುಡುಕಿ ಹುಡುಕಿ ಒಂದನ್ನು ಹಿಡಿದು, ಭಾನುವಾರ ಅಪ್ಪನ ಎದುರು ಕೂತೆ.

"ಅಪ್ಪಾ, ವಿಂಡೋ ಅಂದ್ರೆ ಹಿಂದೆ ಗಾಳಿಯ ಕಣ್ಣು ಅಂತ ಅರ್ಥವಂತೆ. ನಮ್ಮ ಗವಾಕ್ಷಿ ಹಸುವಿನ ಕಣ್ಣಲ್ವಾ, ಹಾಗೇ."

ಅಪ್ಪ ಪೇಪರ್ ಮಡಚಿ ತೊಡೆಯ ಮೇಲಿಟ್ಟರು. ಮುಖ ಅರಳಿತು.

"ಸರ್ವಮಂಗಳ ಕಾಗದ ಬರೆದಿದ್ದಾಳೇನೇ?"