ನಲವತ್ತು ಡಬ್ಬಿ ಪುಡಿ, ಒಂದು ಮಾತ್ರೆ

ಆ ಶನಿವಾರ ಬೆಳಿಗ್ಗೆ ಜಲಜಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊಟದ ಮೇಜಿನ ಮೇಲೆ ನಲವತ್ತು ಗಾಜಿನ ಡಬ್ಬಿಗಳು. ಮಗಳು ಕೃತಿ ಪ್ರೆಸ್ಸಿನಿಂದ ತಂದ ಹಸಿರು ಲೇಬಲ್ಲುಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದಳು. ‘ಜಲಜಮ್ಮನ ಸೊಪ್ಪಿನ ಪುಡಿ’ ಎಂದು ದಪ್ಪ ಅಕ್ಷರ. ಹಾರ್ಮೋನಿಗೆ, ಕೂದಲಿಗೆ, ಚರ್ಮಕ್ಕೆ ಒಳ್ಳೆಯದೆಂದು ಕೆಳಗೆ ಸಣ್ಣ ಅಕ್ಷರ. ತಮ್ಮ ಹೆಸರು ಅಚ್ಚಾದದ್ದನ್ನು ಜಲಜಮ್ಮ ನೋಡಿದ್ದು ಮದುವೆಯ ಕರೆಯೋಲೆ ಬಿಟ್ಟರೆ ಇದೇ ಮೊದಲು. ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದರು.

ಗಂಡ ದತ್ತಾತ್ರೇಯರು ಗುಮಾಸ್ತರಾಗಿದ್ದಷ್ಟು ಕಾಲ ಸಂಸಾರ ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿತ್ತು. ನಿವೃತ್ತಿಯಾದ ಮೇಲೆ ಓಲ್ಡ್ ರಾಜಿಂದರ್ ನಗರದ ಒಂದು ಮನೆಯ ಎರಡನೇ ಮಹಡಿಗೆ ಬಂದರು. ತಲೆಯ ಮೇಲಿನ ಕೋಣೆಗಳಲ್ಲಿ ಐಎಎಸ್ ಪರೀಕ್ಷೆಗೆ ಓದುವ ಕರ್ನಾಟಕದ ಹುಡುಗಿಯರು. ಎರಡು ಹೊತ್ತಿನ ಊಟ ಜಲಜಮ್ಮನ ಕೈಯಲ್ಲಿ. ತಾಯಿಗೆ ಫೋನಿನಲ್ಲಿ ಹೇಳದ್ದನ್ನೆಲ್ಲ ಅವರು ಒಲೆಯ ಪಕ್ಕ ಕೂತು ಇವರಿಗೆ ಹೇಳುತ್ತಿದ್ದರು: ಮುಟ್ಟು ಎರಡು ತಿಂಗಳಿಂದ ಇಲ್ಲ, ಗಲ್ಲದ ತುಂಬ ಮೊಡವೆ, ಬಾಚಿದರೆ ಕೈತುಂಬ ಕೂದಲು. ಜಲಜಮ್ಮ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮುಟ್ಟಿನ ಮಾತು ಬಂದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದರು, ಆಮೇಲೆ ಪುಡಿ. ಸೋದರತ್ತೆ ಲೀಲಮ್ಮ ಮಾಡುತ್ತಿದ್ದ ಪುಡಿ ಅದು: ನೆರಳಲ್ಲಿ ಒಣಗಿಸಿದ ನೆಲ್ಲಿಕಾಯಿ, ಕರಿಬೇವು, ನುಗ್ಗೆಸೊಪ್ಪು, ಹುರಿದ ಎಳ್ಳು, ಅಗಸೆ, ಹಳೇ ದೆಹಲಿಯ ಮಸಾಲೆ ಪೇಟೆ ಖಾರಿ ಬಾವ್ಲಿಯ ಅಂಗಡಿಯಿಂದ ಆರಿಸಿ ತಂದ ಶತಾವರಿ ಬೇರು.

ಗುಣ ಕಂಡಿತೋ ಇಲ್ಲವೋ ತಿಳಿಯಲು ಅವರದೇ ಒಂದು ಲೆಕ್ಕವಿತ್ತು. ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ ಉಗುಳಿ ಎಸೆಯಬಾರದು. ವಾರವೆಲ್ಲ ಕೂಡಿಟ್ಟು ಶನಿವಾರ ಕಾಗದದಲ್ಲಿ ಕಟ್ಟಿ ತರಬೇಕು. ನಿಂಬೆಹಣ್ಣಿನ ಗಾತ್ರದ ಉಂಡೆ ನೆಲ್ಲಿಕಾಯಿಗೆ ಇಳಿದರೆ ಅರ್ಧ ಗೆದ್ದ ಹಾಗೆ, ಅಡಿಕೆಗೆ ಇಳಿದರೆ ಆ ದಿನ ಪಾಯಸ. ಈ ಆರು ತಿಂಗಳಲ್ಲಿ ಮೂರು ಸಲ ಪಾಯಸವಾಗಿತ್ತು. ಅದನ್ನು ಕಂಡೇ ಲೋಧಿ ಕಾಲೋನಿಯ ಕನ್ನಡ ಹೆಂಗಸರು ಆರು ವಾರದ ನಂತರದ ತಮ್ಮ ಮೇಳದಲ್ಲಿ ಒಂದು ಮೇಜು ಕೊಟ್ಟಿದ್ದರು. ಫಾರಂ ತುಂಬುವುದೆಂದರೆ ಪ್ರಾಣವಾದ ದತ್ತಾತ್ರೇಯರು ಪುಡಿ ಮಾರುವ ಲೈಸೆನ್ಸ್ ಕೂಡ ಮಾಡಿಸಿಟ್ಟಿದ್ದರು.

ಇಷ್ಟರಲ್ಲಿ ಮೇಲಿನ ಕೋಣೆಯ ಧಾರಿಣಿ ಕಾಗದದ ಪೊಟ್ಟಣ ಹಿಡಿದು ಇಳಿದು ಬಂದಳು. ಪೊಟ್ಟಣ ಬಿಚ್ಚಿದರೆ ನೆಲ್ಲಿಕಾಯಿಯೂ ಅಲ್ಲ, ನಿಂಬೆಯೂ ಅಲ್ಲ, ಮೂಸಂಬಿ! ಜೊತೆಗೆ ರಕ್ತ ಪರೀಕ್ಷೆಯ ಕಾಗದ. ಥೈರಾಯ್ಡಿನ ಅಂಕಿ ಮೂರು ತಿಂಗಳ ಹಿಂದೆ ನಾಲ್ಕಿದ್ದದ್ದು ಈಗ ಹದಿನಾಲ್ಕು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದು ಹುಡುಗಿ ಅಳುವ ಹಾಗಾದಳು. ನಿದ್ದೆ ಸಾಲದ್ದಕ್ಕೆ ಹೀಗಾಗಿರಬೇಕು ಅಂದಳು ಕೃತಿ. ಜಲಜಮ್ಮ ಲೇಬಲ್ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು.

“ಬೆಳಿಗ್ಗೆ ಕಣ್ಣು ಬಿಟ್ಟಾಗಿಂದ ಹೇಳಮ್ಮ. ಒಂದೂ ಬಿಡಬೇಡ.”

ಧಾರಿಣಿಗೆ ದಿನಚರಿ ಬಾಯಿಪಾಠ. ಗೋಡೆಗೆ ಅಂಟಿಸಿದ ಟೈಮ್ ಟೇಬಲ್ಲಿನಲ್ಲಿ ಹದಿನೈದು ಹದಿನೈದು ನಿಮಿಷಕ್ಕೆ ಬಣ್ಣದ ಚೌಕ. ಐದಕ್ಕೆ ಅಲಾರಾಂ, ಐದೂಕಾಲಿಗೆ ಪೇಪರು, ಆರಕ್ಕೆ ಇತಿಹಾಸ. ಮಾತ್ರೆ ಯಾವಾಗ ಎಂದು ಕೇಳಿದ್ದಕ್ಕೆ ಐದಕ್ಕೆ ಅಂದಳು. ಪುಡಿ?

“ಅದೂ ಐದಕ್ಕೇ ಆಂಟಿ. ಡಾಕ್ಟರು ಖಾಲಿ ಹೊಟ್ಟೆಗೆ ಅಂದಿದ್ರು, ನೀವೂ ಖಾಲಿ ಹೊಟ್ಟೆಗೆ ಅಂದಿದ್ರಿ. ಒಂದೇ ಚೌಕದಲ್ಲಿ ಹಾಕ್ಬಿಟ್ಟೆ. ಪುಡಿ ಕಲಸಿದ ಹಾಲಲ್ಲೇ ಮಾತ್ರೆ ನುಂಗ್ತೀನಿ, ಟೈಮ್ ಉಳಿಯುತ್ತೆ.”

ಜಲಜಮ್ಮ ಕುರ್ಚಿಯಿಂದ ಎದ್ದರು. ಖಾಲಿ ಹೊಟ್ಟೆಗೆ ಎಂದು ಎಲ್ಲರಿಗೂ ಹೇಳಿದವರು ತಾವೇ. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀಯಾ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ಸೀರೆ ಕೂಡ ಬದಲಿಸದೆ ಒಂದು ಡಬ್ಬಿ ಚೀಲಕ್ಕೆ ಹಾಕಿಕೊಂಡು, ಧಾರಿಣಿಯ ಕೈ ಹಿಡಿದು ಇ-ರಿಕ್ಷಾ ಹತ್ತಿದರು.

ಧಾರಿಣಿಯ ಥೈರಾಯ್ಡ್ ನೋಡುವ ಡಾಕ್ಟರಮ್ಮ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. ಹಾಲು, ಎಳ್ಳು, ಅಗಸೆ ಎಲ್ಲ ಸೇರಿ ಮಾತ್ರೆಯನ್ನು ಮೈಗೆ ಹತ್ತಲು ಬಿಟ್ಟಿರಲಿಕ್ಕಿಲ್ಲ ಎಂದರು. ಮಾತ್ರೆ ಬರೀ ನೀರಲ್ಲಿ. ಪುಡಿ ಬೇಕೇ ಬೇಕೆಂದರೆ ಸಂಜೆ. ಆರು ವಾರ ಬಿಟ್ಟು ಮತ್ತೆ ರಕ್ತ ಕೊಡುವುದು. ಪುಡಿಯೇ ಮದ್ದು ಎಂದು ಯಾರೂ ಮಾತ್ರೆ ಬಿಡಬಾರದು ಎಂದೂ ಹೇಳಿದರು. ಜಲಜಮ್ಮ ಅದನ್ನೆಲ್ಲ ರಿಕ್ಷಾದಲ್ಲಿ ವಾಪಸು ಬರುವಾಗ ಬಾಯಲ್ಲೇ ಒಪ್ಪಿಸಿಕೊಂಡರು.

ಮನೆಗೆ ಬಂದವರೇ ನಲವತ್ತು ಡಬ್ಬಿಗಳನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ದಾರ ಕಟ್ಟಿದರು. ಮೇಲಿನ ಹುಡುಗಿಯರನ್ನೆಲ್ಲ ಕರೆದು ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ವಿಚಾರಿಸಿದರು. ಧಾರಿಣಿ ಬಿಟ್ಟರೆ ಉಳಿದವರಿಗೆ ಯಾವ ಮಾತ್ರೆಯೂ ಇರಲಿಲ್ಲ. ಧಾರಿಣಿಯ ಅಂಕಿ ಇಳಿಯುವವರೆಗೆ ಹೊಸಬರಿಗೆ ಒಂದು ಚಮಚವೂ ಇಲ್ಲ ಎಂದುಬಿಟ್ಟರು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕೃತಿಗೆ ತಡೆಯಲಾಗಲಿಲ್ಲ.

“ಅರೇ ಅಮ್ಮಾ, ಗಲತಿ ಅವಳದ್ದು. ನಿನ್ನ ಪುಡಿ ಏನು ತಪ್ಪು ಮಾಡ್ತು?”

“ಕೇಳದೆ ಕೊಟ್ಟವಳು ನಾನು. ಇಳೀಲಿಲ್ಲ ಅಂದ್ರೆ ಈ ಲೇಬಲ್ಲಿಂದ ನನ್ನ ಹೆಸರು ಕಿತ್ತು ಹಾಕು.”

ಹೆಸರು ಅಚ್ಚಾಗಿದ್ದಕ್ಕೆ ಅಮ್ಮ ಎಷ್ಟು ಕುಣಿದಿದ್ದಳೆಂದು ಬಲ್ಲ ಕೃತಿ ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳಿದಳು.

ಮಾರನೆಯ ದಿನದಿಂದ ಬೆಳಿಗ್ಗೆ ಐದಕ್ಕೆ ಜಲಜಮ್ಮ ನೀರಿನ ಲೋಟ ಹಿಡಿದು ಮೆಟ್ಟಿಲು ಹತ್ತುವುದು, ಹುಡುಗಿ ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿ ಇಳಿಯುವುದು. ಸಂಜೆ ಐದಕ್ಕೆ ಪುಡಿ ಕಲಸಿದ ಹಾಲು. ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತುವುದರಲ್ಲಿ ಇವಳೇ ಐಎಎಸ್ ಪಾಸಾಗುತ್ತಾಳೆಂದು ದತ್ತಾತ್ರೇಯರು ನಗುತ್ತಿದ್ದರು. ಮೂಸಂಬಿ ಮೂರು ವಾರ ಮೂಸಂಬಿಯಾಗಿಯೇ ಉಳಿಯಿತು. ನಾಲ್ಕನೆಯ ವಾರ ದೊಡ್ಡ ನಿಂಬೆ ಎನ್ನಬಹುದಾಗಿತ್ತು, ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ.

ಮೇಳದ ಭಾನುವಾರ ಬಂತು. ಧಾರಿಣಿ ಶನಿವಾರವಷ್ಟೇ ರಕ್ತ ಕೊಟ್ಟಿದ್ದಳು. ಜಲಜಮ್ಮ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಪೆಟ್ಟಿಗೆಗಳನ್ನು ಕಟ್ಟಿದ ದಾರದ ಸಮೇತ ಮೇಜಿನ ಕೆಳಗಿಟ್ಟು ಕೂತರು. ಪುಡಿಯ ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಹನ್ನೊಂದಕ್ಕೆಲ್ಲ ಹೆಂಗಸರು ಸಾಲು ನಿಂತರು. ಗ್ರೇಟರ್ ನೋಯ್ಡಾದಿಂದ ಒಂದೂವರೆ ಗಂಟೆ ಕಾರಿನಲ್ಲಿ ಬಂದ ಸಿಂಧೂರ ಎಂಬ ಹುಡುಗಿ ಎಲ್ಲರಿಗಿಂತ ಮುಂದೆ. ಬರೀ ಬಟ್ಟೆ ಮಾರೋಕೆ ಬಂದಿದ್ದೀರಾ ಎಂದು ಪಕ್ಕದ ಹಪ್ಪಳದ ಮೇಜಿನವರು ಕೆಣಕಿದರು. ಸ್ವಲ್ಪ ತಡೀರಿ ಎಂಬುದೊಂದೇ ಜಲಜಮ್ಮನ ಉತ್ತರ. ಕಣ್ಣು ಮಾತ್ರ ಧಾರಿಣಿಯ ಕೈಯಲ್ಲಿದ್ದ ಫೋನಿನ ಮೇಲೆ.

ಹನ್ನೆರಡಾಯಿತು. ಹನ್ನೆರಡೂವರೆಗೆ ಫೋನು ಟಿಂಗ್ ಎಂದಿತು. ಧಾರಿಣಿ ಓದಿ ಮೂರು ಬೆರಳು ಎತ್ತಿ ತೋರಿಸಿದಳು. ಆಮೇಲೆ, ಮೂರು ಪಾಯಿಂಟ್ ಒಂಬತ್ತು ಆಂಟಿ, ಎಂದು ಅವರ ಕೊರಳು ತಬ್ಬಿಕೊಂಡಳು. ಕೃತಿ ಆಗಲೇ ಮೇಜಿನ ಕೆಳಗೆ ನುಗ್ಗಿ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ನಲವತ್ತು ಹಸಿರು ಲೇಬಲ್ಲುಗಳು ಬಿಳಿ ಬಟ್ಟೆಯ ಮೇಲೆ ಏರಿದವು. ಸಿಂಧೂರ ಕೈ ಚಾಚಿದಳು. ಜಲಜಮ್ಮ ಡಬ್ಬಿ ಕೊಟ್ಟರು, ಹಿಡಿತ ಮಾತ್ರ ಬಿಡಲಿಲ್ಲ.

“ಮೊದಲು ಹೇಳಮ್ಮ, ಬೆಳಿಗ್ಗೆ ಎದ್ದ ಕೂಡಲೇ ಏನೇನು ಮಾಡ್ತೀಯ? ಯಾವ್ಯಾವ ಮಾತ್ರೆ ನುಂಗ್ತೀಯ?”

ಸಿಂಧೂರ ಹಿಂದಿನ ಸಾಲನ್ನು ಒಮ್ಮೆ ನೋಡಿ, ಅವರತ್ತ ಬಗ್ಗಿ ಹೇಳತೊಡಗಿದಳು. ಜಲಜಮ್ಮ ಸೆರಗು ಸರಿಮಾಡಿಕೊಂಡು ಕೇಳತೊಡಗಿದರು. ಸಾಲು ಹಪ್ಪಳದ ಮೇಜನ್ನೂ ದಾಟಿ ಬಾಗಿಲಾಚೆ ಬೆಳೆಯಿತು, ಒಬ್ಬರೂ ಕದಲಲಿಲ್ಲ.