ಉಮರ್ಗಾದ ಸೇರು, ಉದಗೀರದ ತೂಕ

ಉದಗೀರದ ನಮ್ಮ ಕಾಳಿನ ಅಂಗಡಿಯಲ್ಲಿ ದಿನ ಶುರುವಾಗುವುದು ಅತ್ತೆ ತಕ್ಕಡಿಗೆ ವಿಭೂತಿ ಹಚ್ಚಿದ ಮೇಲೆಯೇ. ಪಕ್ಕದಲ್ಲೇ ಕೂತಿದ್ದ, ನಾನು ತಯಾರಿಸಿದ ಎಲೆಕ್ಟ್ರಾನಿಕ್ ಕಾಟಾಕ್ಕೆ ಮಾತ್ರ ವಿಭೂತಿ ಇರಲಿಲ್ಲ. "ಮೊದಲ ಗಿರಾಕಿ ಮುಂದ ಮರ್ಯಾದಿ ಉಳಸ್ಲಿ. ಇಲ್ಲಂದ್ರ ಅಟ್ಟಕ್ಕ," ಎಂದಿದ್ದರು ಅತ್ತೆ. ಅಟ್ಟಕ್ಕೆ ಹೋಗುವುದು ಕಾಟಾ ಒಂದೇ ಅಲ್ಲ, ಮದುವೆಯಾದ ಮೇಲೂ ಬಿಡದ ನನ್ನ ಎಲೆಕ್ಟ್ರಾನಿಕ್ಸ್ ಓದೂ ಹೌದು ಎಂದು ನನಗೆ ಗೊತ್ತಿತ್ತು.

ಅದರೊಳಗಿನ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ನಾನೇ ಬರೆದಿದ್ದೆ. ಲ್ಯಾಪ್‌ಟಾಪಿನಲ್ಲಿ ಎಷ್ಟು ದೊಡ್ಡ ತೂಕ ಕೊಟ್ಟರೂ ಉತ್ತರ ಸರಿ. ಕಾಟಾದ ಮೇಲೆ ಇಪ್ಪತ್ತು ಕಿಲೋ ಕಬ್ಬಿಣದ ಕಲ್ಲಿಟ್ಟೆ, ಅದೂ ಸರಿ. ಸಂತೆಯ ದಿನ ಜಳಕೋಟದ ರೈತರೊಬ್ಬರು ತೊಗರಿಯ ಐವತ್ತು ಕಿಲೋ ಚೀಲ ಇಟ್ಟರು. ಕಾಟಾ ಮೈನಸ್ ಹದಿನೈದೂವರೆ ಕಿಲೋ ಎಂದಿತು!

"ಬಾಯಿ, ಚೀಲಕ್ಕ ಹಗ್ಗ ಕಟ್ರಿ, ಹಾರಿಗೀರಿ ಹೋದೀತು," ಎಂದರು ರೈತರು. ಅಂಗಡಿಯೆಲ್ಲ ನಕ್ಕಿತು. ಅತ್ತೆಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. "ಸೂನಬಾಯಿ, ಆತ ಚಲಾ," ಎಂದು ಸೊಸೆಯಾದ ನನ್ನನ್ನು ಒಳಗೆ ಕಳಿಸಿ, ಚೀಲವನ್ನು ಹಳೇ ತಕ್ಕಡಿಗೆ ಏರಿಸಿದರು.

ಸಪ್ಪೆ ಮೋರೆ ಹಾಕಿಕೊಂಡು ನಾನು ಬರೆದದ್ದನ್ನೇ ಓದುತ್ತ ಹೋದೆ. ಸಿಕ್ಕಿತು. ತೂಕ ತುಂಬುವ ಜಾಗಕ್ಕೆ ಬರೀ 'ಇಂಟ್', ಅಂದರೆ ಪೂರ್ಣಾಂಕ, ಎಂದಿದ್ದೆ; ಎಷ್ಟು ದೊಡ್ಡದೆಂದು ಹೇಳಿರಲಿಲ್ಲ. ಲ್ಯಾಪ್‌ಟಾಪಿನ ಇಂಟ್ ಮೂವತ್ತೆರಡು ಬಿಟ್ಟಿನದು, ಕಾಟಾದ ಪುಟ್ಟ ಚಿಪ್ಪಿನದು ಅದರ ಅರ್ಧ. ಗ್ರಾಮಿನ ಲೆಕ್ಕದಲ್ಲಿ ಮೂವತ್ತೆರಡು ಕಿಲೋ ಚಿಲ್ಲರೆ ದಾಟಿದರೆ ಅದರಲ್ಲಿ ಹಿಡಿಸದೆ ಮೈನಸ್ಸಿಗೆ ಹೊರಳುತ್ತದೆ.

"ಏನಾಗ್ಯಾದ?" ಗಿರಾಕಿಗಳನ್ನು ಮುಗಿಸಿ ಒಳಗೆ ಬಂದಿದ್ದ ಅತ್ತೆ ಅಡುಗೆಮನೆಯಿಂದ ಕೇಳಿದರು. ಅವರ ಕೈಯಲ್ಲಿ ಉಮರ್ಗಾದ ತವರಿನ ಸೇರು ಇತ್ತು. ಸೊಸೆಯಾಗಿ ಬಂದ ಹೊಸದರಲ್ಲಿ ಅಕ್ಕಿಯನ್ನು ಇಲ್ಲಿಯ ದೊಡ್ಡ ಸೇರಿನಲ್ಲಿ ಅಳೆದು, ಅಲ್ಲಿಯ ಲೆಕ್ಕದ ನೀರಿಟ್ಟು, ಅನ್ನ ಬೇಯದೆ ಬೀಗರೆದುರು ನಗೆಪಾಟಲಾಗಿದ್ದರಂತೆ. ಈ ಸೇರನ್ನು ತರಿಸಿಕೊಂಡದ್ದು ಆಮೇಲೆ.

"ನಿಮ್ಮ ಅನ್ನ ಆದಂಗೇ ಆಗ್ಯಾದ್ರಿ. ಸೇರು ಅಂತ ಬರದೀನಿ, ಯಾವೂರ ಸೇರು ಅಂತ ಬರದಿಲ್ಲ."

ಅತ್ತೆ ನಕ್ಕೇಬಿಟ್ಟರು. "ಹಂಗಾರ ಊರ ಹೆಸರ ಬರಿ ಹೋಗು. ಅಟ್ಟದ ಮಾತು ಬಿಡು."

ಸಿ ಭಾಷೆಯಲ್ಲಿ ಅದಕ್ಕೂ ದಾರಿಯಿದೆ. ಮೂವತ್ತೆರಡು ಬಿಟ್ಟಿನ ಇಂಟ್ ಎಂದು ಅಳತೆಯನ್ನು ಹೆಸರಿನಲ್ಲೇ ಹೇಳಿದರೆ ಲ್ಯಾಪ್‌ಟಾಪಿನಲ್ಲೂ ಕಾಟಾದಲ್ಲೂ ಅಷ್ಟೇ ಹಿಡಿಸುತ್ತದೆ. ತೂಕ ಓಡಾಡುವ ಕಡೆಯೆಲ್ಲ ಅದನ್ನೇ ಬರೆದೆ. ಮುಂದಿನ ಸಂತೆಗೆ ಆ ರೈತರು ಬೇಕೆಂದೇ ಹಗ್ಗ ಹಿಡಿದು ಬಂದರು. ಕಾಟಾ ಐವತ್ತು ಎಂದಿತು. "ಹಗ್ಗ ಎತ್ತಿಗಿ ಕಟ್ರಿ," ಎಂದರು ಅತ್ತೆ.

ಒಮ್ಮೆ ನಗೆಪಾಟಲಾದವರು ಇನ್ನೊಬ್ಬಳ ಸರದಿ ಬಂದಾಗ ಸುಮ್ಮನೆ ನೋಡುತ್ತ ನಿಲ್ಲಬಹುದಿತ್ತು. ನನ್ನ ಅತ್ತೆ ನಿಲ್ಲಲಿಲ್ಲ. ಆ ಋಣ ನನ್ನಿಂದ ತೀರುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಅತ್ತೆ ತಕ್ಕಡಿಗೆ ವಿಭೂತಿ ಹಚ್ಚಿದ ಮೂರು ಬೆರಳನ್ನು ಹಾಗೇ ನನ್ನ ಕಾಟಾದ ಗಾಜಿನ ಮೇಲೂ ಎಳೆದರು, ಅಂಕಿ ಕಾಣದಷ್ಟು ದಪ್ಪಗೆ. ಈಗಲೂ ದಿನಾ ಎಳೆಯುತ್ತಾರೆ. ಗಿರಾಕಿ ಬರುವ ಮೊದಲು ಅಂಕಿ ಕಾಣುವಷ್ಟು ಮಾತ್ರ ಒರೆಸುತ್ತೇನೆ, ಉಳಿದದ್ದನ್ನು ಮುಟ್ಟುವುದಿಲ್ಲ.